ಗೋರ್ಲೆಬೆನ್ ಗೆದ್ದಿತು, 113 ಪೀಪಾಯಿಗಳು ಅಲ್ಲೇ ಉಳಿದವು

2024ರ ನವೆಂಬರ್ ಕೊನೆಯಲ್ಲಿ ಉತ್ತರ ಜರ್ಮನಿಯ ಒಂದು ಪೈನ್ ಕಾಡಿನಲ್ಲಿ ಅಪರೂಪದ ಕೆಲಸವೊಂದು ಶುರುವಾಯಿತು. ವರ್ಷಗಟ್ಟಲೆ ನೆಲದಡಿಯಿಂದ ಅಗೆದು ಹೊರಗೆ ಗುಡ್ಡ ಹಾಕಿದ್ದ ಉಪ್ಪನ್ನು ಮತ್ತೆ ಅದೇ ಗಣಿಗೆ ಸುರಿಯುವ ಕೆಲಸ. ಗುಡ್ಡದಲ್ಲಿ ಇದ್ದದ್ದು ಸುಮಾರು 4 ಲಕ್ಷ ಟನ್ ಉಪ್ಪು. ಗಣಿಯ ಆಳ 800 ಮೀಟರಿಗಿಂತ ಜಾಸ್ತಿ. ಈ ಗಣಿಗೆ ಖರ್ಚಾದದ್ದು 160 ಕೋಟಿ ಯೂರೋಗಿಂತಲೂ ಹೆಚ್ಚು. ದೇಶದ ಅಣು ತ್ಯಾಜ್ಯವನ್ನು ಶಾಶ್ವತವಾಗಿ ಹೂಳಬಹುದೇ ಎಂದು ನೋಡಲು ತೋಡಿದ ಗಣಿ ಇದು. ಒಂದೇ ಒಂದು ಪೀಪಾಯಿಯೂ ಇದರೊಳಗೆ ಇಳಿಯಲಿಲ್ಲ.

ಊರಿನ ಹೆಸರು ಗೋರ್ಲೆಬೆನ್. ಎಲ್ಬೆ ನದಿಯ ದಡದ ಊರು. ಲೋವರ್ ಸ್ಯಾಕ್ಸನಿ ರಾಜ್ಯದ ಲ್ಯುಖೋ-ಡಾನೆನ್‌ಬೆರ್ಗ್ ಜಿಲ್ಲೆಗೆ ಸೇರಿದ್ದು. ಜನಸಂಖ್ಯೆ ಆರುನೂರು ಚಿಲ್ಲರೆ. ನಮ್ಮ ಕಡೆ ಇಷ್ಟು ಜನ ಇದ್ದರೆ ಅದಕ್ಕೆ ಪ್ರತ್ಯೇಕ ಗ್ರಾಮ ಪಂಚಾಯಿತಿಯನ್ನೂ ಕೊಡುವುದಿಲ್ಲ. ಜರ್ಮನಿಯಲ್ಲಿ ಇಂಥ ಪುಟ್ಟ ಊರಿಗೂ ಸ್ವಂತ ಮೇಯರ್ ಇರುತ್ತಾರೆ, ಚುನಾಯಿತ ಸಭೆ ಇರುತ್ತದೆ. ತನ್ನ ನೆಲದ ಮೇಲೆ ಎಲ್ಲಿ ಏನು ಕಟ್ಟಬೇಕು ಎನ್ನುವುದರಲ್ಲಿ ಆ ಸಭೆಗೆ ಮಾತಿರುತ್ತದೆ. ಮುಂದೆ ಈ ವಿಷಯ ಮತ್ತೆ ಬರುತ್ತದೆ.

ಗಣಿ ಮುಚ್ಚುತ್ತಿದೆ ಎಂದರೆ ಕಥೆ ಮುಗಿಯಿತಲ್ವಾ ಅನ್ನಿಸಬಹುದು. ಮುಗಿದಿಲ್ಲ. ಗಣಿಯ ಎದುರಿಗೇ, ರಸ್ತೆಯ ಆಚೆ ಬದಿಗೆ, ಒಂದು ಉದ್ದನೆಯ ಕಾಂಕ್ರೀಟ್ ಗೋದಾಮು ಇದೆ. ಅದರಲ್ಲಿ ಅಣು ತ್ಯಾಜ್ಯ ತುಂಬಿದ 113 ದೊಡ್ಡ ಪೀಪಾಯಿಗಳು ನಿಂತಿವೆ. ಅವುಗಳನ್ನು ಅಲ್ಲಿ ಇಡಲು ಕೊಟ್ಟಿರುವ ಪರವಾನಗಿ 2034ರ ಕೊನೆಗೆ ಮುಗಿಯುತ್ತದೆ. ಅವುಗಳಿಗೆ ಶಾಶ್ವತ ಜಾಗ ಸಿಗುವುದು ಯಾವಾಗ? ಅಧಿಕೃತ ಅಂದಾಜುಗಳೇ 2046, 2068, 2074 ಎನ್ನುತ್ತಿವೆ. ಇಷ್ಟು ತಡವಾಗಲು ಕಾರಣ ವಿಜ್ಞಾನ ಕಷ್ಟ ಎನ್ನುವುದೊಂದೇ ಅಲ್ಲ. ಈ ಸಣ್ಣ ಊರನ್ನು 1977ರಲ್ಲಿ ಆರಿಸಿದ ರೀತಿಯೇ ದೊಡ್ಡ ಕಾರಣ ಎಂದು ನನಗೆ ಅನಿಸುತ್ತದೆ. ಹಾಗಾಗಿ ಊರಿನ ಇತಿಹಾಸದಿಂದಲೇ ಶುರು ಮಾಡೋಣ.

ಈ ಸೀಮೆಗೆ ವೆಂಡ್‌ಲಾಂಡ್ ಎಂದು ಹೆಸರು. ಸ್ಲಾವ್ ಜನರನ್ನು ಜರ್ಮನರು ವೆಂಡರು ಎಂದು ಕರೆಯುತ್ತಿದ್ದರು. ಅವರು ನೆಲೆಸಿದ್ದ ನಾಡು ಇದು. ಪೊಲೇಬಿಯನ್ ಎಂಬ ಅವರ ಭಾಷೆ ಇಲ್ಲಿ 18ನೇ ಶತಮಾನದವರೆಗೂ ಉಸಿರಾಡುತ್ತಿತ್ತು. ಸ್ಯುಟೆನ್ ಎಂಬ ಹಳ್ಳಿಯ ಯೋಹಾನ್ ಪಾರುಮ್ ಶುಲ್ಟ್ಸೆ ಎಂಬ ರೈತ ತನ್ನ ಊರಿನ ವೃತ್ತಾಂತ ಬರೆಯುತ್ತಾ ಆ ಭಾಷೆಯ ಪದಗಳನ್ನೂ ಬರೆದಿಟ್ಟ. ಮುಂದೆ ಯಾರಿಗೂ ಈ ಭಾಷೆ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ವಿದ್ವಾಂಸನಲ್ಲ, ಹೊಲ ಉಳುವವನು. ಇವತ್ತು ಆ ಭಾಷೆಯ ಬಗ್ಗೆ ಗೊತ್ತಿರುವುದರಲ್ಲಿ ಒಂದು ಪಾಲು ಅವನ ಬರಹದಿಂದಲೇ ಸಿಕ್ಕಿದ್ದು. ಈಗ ಉಳಿದಿರುವುದು ಊರಿನ ಹೆಸರುಗಳು, ಮತ್ತೆ ಪಶ್ಚಿಮ ಭಾಗದ ದುಂಡು ಹಳ್ಳಿಗಳು. ಅಲ್ಲಿ ಮಧ್ಯದ ಬಯಲಿಗೆ ಮುಖ ಮಾಡಿ ಮನೆಗಳು ವೃತ್ತಾಕಾರವಾಗಿ ನಿಂತಿರುತ್ತವೆ.

1694ರಲ್ಲಿ ಪಕ್ಕದ ಗಾರ್ಟೋ ಜಹಗೀರನ್ನು ಬೆರ್ನ್‌ಸ್ಟಾರ್ಫ್ ಮನೆತನ ಕೊಂಡುಕೊಂಡಿತು. ಸುತ್ತಲಿನ ಕಾಡಿನ ದೊಡ್ಡ ಪಾಲು ಅವರದ್ದು. ಈ ಹೆಸರನ್ನೂ ನೆನಪಿಟ್ಟುಕೊಳ್ಳಿ.

ಎರಡನೇ ಮಹಾಯುದ್ಧದ ನಂತರ ಜರ್ಮನಿ ಎರಡಾಯಿತು. ಎಲ್ಬೆ ನದಿಯೇ ಇಲ್ಲಿ ಗಡಿಯಾಯಿತು. ಆಚೆ ದಡದ ಲೆನ್ಸನ್ ಪಟ್ಟಣ ಪೂರ್ವ ಜರ್ಮನಿಗೆ ಹೋಯಿತು. ಲ್ಯುಖೋ-ಡಾನೆನ್‌ಬೆರ್ಗ್ ಜಿಲ್ಲೆಗೆ ಉತ್ತರ, ಪೂರ್ವ, ದಕ್ಷಿಣ ಮೂರೂ ಕಡೆ ಗಡಿ. ಹಿಂದೆ ಎರಡು ದಡದ ನಡುವೆ ಇದ್ದ ಹೋಗಿಬರುವ ಬದುಕು ನಿಂತುಹೋಯಿತು. ಹೊಸ ಕಾರ್ಖಾನೆ ಹಾಕಲು ಯಾರೂ ಬರಲಿಲ್ಲ. ಓದಿದ ಮಕ್ಕಳು ಊರು ಬಿಟ್ಟರು. ಜನಸಾಂದ್ರತೆ ಪಶ್ಚಿಮ ಜರ್ಮನಿಯಲ್ಲೇ ಅತಿ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಇದೂ ಒಂದು. ಸಾಲದ್ದಕ್ಕೆ 1975ರ ಆಗಸ್ಟ್‌ನಲ್ಲಿ ದೊಡ್ಡ ಕಾಳ್ಗಿಚ್ಚು ಬಂದು ಟ್ರೇಬೆಲ್, ಗೋರ್ಲೆಬೆನ್ ಸುತ್ತಲಿನ ಪೈನ್ ಕಾಡನ್ನು ಸುಟ್ಟಿತು.

1977ರ ಫೆಬ್ರವರಿ 22ರಂದು ರಾಜ್ಯದ ಮುಖ್ಯಮಂತ್ರಿ ಎರ್ನ್‌ಸ್ಟ್ ಆಲ್ಬ್ರೆಖ್ಟ್ ಗೋರ್ಲೆಬೆನ್ ಹೆಸರು ಘೋಷಿಸಿದರು. (ಈಗ ಯುರೋಪಿಯನ್ ಕಮಿಷನ್ ಅಧ್ಯಕ್ಷೆಯಾಗಿರುವ ಉರ್ಸುಲಾ ಫಾನ್ ಡೆರ್ ಲೇಯನ್ ಇವರ ಮಗಳು.) ಯೋಜನೆ ಸಣ್ಣದಲ್ಲ. ದೇಶದ ಎಲ್ಲ ಅಣು ಸ್ಥಾವರಗಳ ಬಳಸಿದ ಇಂಧನ ಇಲ್ಲಿಗೆ ಬರಬೇಕು. ಮರುಸಂಸ್ಕರಣೆ (ಬಳಸಿದ ಇಂಧನದಲ್ಲಿ ಮತ್ತೆ ಉಪಯೋಗಕ್ಕೆ ಬರುವುದನ್ನು ಬೇರೆ ಮಾಡುವುದು), ಹೊಸ ಇಂಧನ ತಯಾರಿಕೆ, ತಾತ್ಕಾಲಿಕ ಸಂಗ್ರಹ, ಕೊನೆಗೆ ನೆಲದಡಿ ಹೂಳುವುದು ಎಲ್ಲವೂ ಒಂದೇ ಕಡೆ.

ಏಕೆ ಇದೇ ಊರು? ಇಲ್ಲಿ ನೆಲದಡಿ ಉಪ್ಪಿನ ಗುಮ್ಮಟ ಇದೆ ಎನ್ನುವುದು ನಿಜ. ಸುಮಾರು 14 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲ. ಸುಮಾರು 25 ಕೋಟಿ ವರ್ಷ ಹಿಂದೆ ಸಮುದ್ರ ಒಣಗಿ ಉಳಿದ ಉಪ್ಪು ಮೇಲಿನ ಪದರಗಳ ಭಾರಕ್ಕೆ ನಿಧಾನವಾಗಿ ಉಬ್ಬಿ ಮೇಲೆ ಬಂದು ಆದ ಗುಮ್ಮಟ. ಉಪ್ಪು ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಬಿರುಕು ಬಿಟ್ಟರೆ ನಿಧಾನಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಉತ್ತರ ಜರ್ಮನಿಯಲ್ಲಿ ಇಂಥ ಗುಮ್ಮಟಗಳು ಬೇಕಾದಷ್ಟಿವೆ. ಭೂವಿಜ್ಞಾನಿ ಗೆರ್ಡ್ ಲ್ಯುಟಿಗ್ ರಾಜ್ಯದ ಉಪ್ಪಿನ ಗುಮ್ಮಟಗಳನ್ನು ದರ್ಜೆ ಮಾಡಿದಾಗ ಗೋರ್ಲೆಬೆನ್ ಮೊದಲ ದರ್ಜೆಯಲ್ಲಿ ಇರಲಿಲ್ಲ. ಆದರೂ ಆರಿಸಿದ್ದು ಅದನ್ನೇ. ಜನ ಕಡಿಮೆ, ಕೆಲಸ ಇಲ್ಲ, ಮೂರು ಕಡೆ ಗಡಿ, ಸುಟ್ಟ ಕಾಡು. ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಅಂತಾರಲ್ಲ, ಹಾಗೆ. ಬೇರೆ ಬೇರೆ ಜಾಗಗಳನ್ನು ಪಕ್ಕಪಕ್ಕ ಇಟ್ಟು ಎಲ್ಲರೆದುರು ತೂಗಿ ನೋಡುವ ಕೆಲಸ ಆಗಲೇ ಇಲ್ಲ. ಮುಂದಿನ ನಲವತ್ತು ವರ್ಷದ ಜಗಳ ಹುಟ್ಟಿದ್ದು ಇಲ್ಲೇ.

ಇಲ್ಲಿಯವರು ಮೊದಲಿನಿಂದಲೂ ಆ ಸರ್ಕಾರದ ಪಕ್ಷಕ್ಕೇ ಓಟು ಹಾಕುತ್ತಿದ್ದ ಸಂಪ್ರದಾಯಸ್ಥ ರೈತರು. ಇವರು ತಕರಾರು ಮಾಡುವುದಿಲ್ಲ ಎಂಬ ಲೆಕ್ಕ ಬೇಗನೆ ತಪ್ಪಾಯಿತು. ಮೂರೇ ವಾರದಲ್ಲಿ, ಮಾರ್ಚ್ 12ರಂದು, ಸುಟ್ಟ ಕಾಡಿನ ಜಾಗದಲ್ಲಿ ಸುಮಾರು 20,000 ಜನ ಸೇರಿದರು. ಎಲ್ಬೆ ದಡದ ಲಾಂಗೆನ್‌ಡಾರ್ಫ್‌ನಲ್ಲಿ ಅಣು ಸ್ಥಾವರ ಕಟ್ಟುವ ಯೋಜನೆಯ ವಿರುದ್ಧ ಕೆಲವು ವರ್ಷದ ಹಿಂದೆಯೇ ಜಿಲ್ಲೆಯಲ್ಲಿ ಒಂದು ನಾಗರಿಕ ವೇದಿಕೆ ಹುಟ್ಟಿತ್ತು. ಅದರ ಮುಂದಾಳು ಮರಿಯಾನೆ ಫ್ರಿಟ್ಸೆನ್ ಎಂಬ ಗೃಹಿಣಿ. ಮುಂದೆ ಅವರು ಇಡೀ ದೇಶಕ್ಕೆ ಪರಿಚಿತರಾದರು.

ಜಾಗ ಬೇಕಲ್ಲ? ವಿದ್ಯುತ್ ಕಂಪನಿಗಳು ಸೇರಿ ಕಟ್ಟಿದ ಮರುಸಂಸ್ಕರಣಾ ಕಂಪನಿ ಭೂಮಾಲೀಕರಿಗೆ ಮಾರುಕಟ್ಟೆ ದರಕ್ಕಿಂತ ಎಷ್ಟೋ ಹೆಚ್ಚು ಕೊಡಲು ತಯಾರಿತ್ತು. ಹಲವರು ಮಾರಿದರು. ಆಂಡ್ರಿಯಾಸ್ ಫಾನ್ ಬೆರ್ನ್‌ಸ್ಟಾರ್ಫ್ ಮಾತ್ರ ಜಗ್ಗಲಿಲ್ಲ. ಕೋಟಿಗಟ್ಟಲೆ ಮಾರ್ಕ್ ಬೇಡ ಎಂದರು. ಇನ್ನೊಂದು ವಿಷಯ ನೋಡಿ. ಹಳೆಯ ಹಾನೋವರ್ ಕಾನೂನಿನ ಪ್ರಕಾರ ಆ ಸೀಮೆಯಲ್ಲಿ ನೆಲದಡಿಯ ಉಪ್ಪು ಕೂಡ ನೆಲದ ಒಡೆಯನದ್ದೇ. ಹಾಗಾಗಿ ಕೆಳಗೆ ಗಣಿ ಅಗೆದಾಗಲೂ ಅವರ ಪಾಲಿನ ಉಪ್ಪನ್ನು ಮುಟ್ಟುವಂತಿರಲಿಲ್ಲ. ಅಲ್ಲಿನ ಚರ್ಚ್ ಕೂಡ ತನ್ನ ಪಾಲು ಕೊಡಲಿಲ್ಲ. 800 ಮೀಟರ್ ಆಳದಲ್ಲಿ, ಕಣ್ಣಿಗೆ ಕಾಣದ ಗಡಿರೇಖೆಯ ಈಚೆಗೇ ಸುರಂಗ ತಿರುಗಿತು. ಒಬ್ಬ ಮನುಷ್ಯ ಇಲ್ಲ ಅಂದರೆ ರಾಜ್ಯವೂ ಸುತ್ತುಬಳಸಿ ಹೋಗಬೇಕಾಯಿತು. ಇಡೀ ಕಥೆಯಲ್ಲಿ ನನ್ನನ್ನು ಬಹಳ ಹಿಡಿದಿಟ್ಟ ಸಂಗತಿ ಇದು.

1979ರ ಮಾರ್ಚ್ ಕೊನೆಯ ವಾರ. ರೈತರು ಟ್ರ್ಯಾಕ್ಟರ್ ಹತ್ತಿ ರಾಜಧಾನಿ ಹಾನೋವರ್‌ಗೆ ಹೊರಟರು. ದಾರಿಯಲ್ಲಿರುವಾಗಲೇ, ಮಾರ್ಚ್ 28ರಂದು, ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಅವಘಡ ಆಯಿತು. 31ರಂದು ಟ್ರ್ಯಾಕ್ಟರ್‌ಗಳು ಹಾನೋವರ್ ಮುಟ್ಟಿದಾಗ ಅವರ ಜೊತೆ ಸುಮಾರು ಒಂದು ಲಕ್ಷ ಜನ ಇದ್ದರು. ಪಶ್ಚಿಮ ಜರ್ಮನಿ ಅಲ್ಲಿಯವರೆಗೆ ಅಣು ವಿರೋಧಿ ಮೆರವಣಿಗೆಯಲ್ಲಿ ಅಷ್ಟು ಜನರನ್ನು ಕಂಡಿರಲಿಲ್ಲ. ‘ಗೋರ್ಲೆಬೆನ್ ಜೋಲ್ ಲೇಬೆನ್’ ಎಂಬುದು ಅವರ ಘೋಷಣೆ. ಲೇಬೆನ್ ಎಂದರೆ ಬದುಕು. ಗೋರ್ಲೆಬೆನ್ ಬದುಕಬೇಕು ಎಂದು ಅರ್ಥ. ಮೇ ತಿಂಗಳಲ್ಲಿ ಆಲ್ಬ್ರೆಖ್ಟ್ ಮರುಸಂಸ್ಕರಣಾ ಘಟಕ ಕೈಬಿಟ್ಟರು. ತಾಂತ್ರಿಕವಾಗಿ ಅದನ್ನು ಮಾಡಬಹುದು, ಆದರೆ ರಾಜಕೀಯವಾಗಿ ಸಾಧ್ಯವಿಲ್ಲ ಎಂಬುದು ಅವರ ಮಾತಿನ ಸಾರ. ಉಪ್ಪಿನ ಗುಮ್ಮಟದ ಪರೀಕ್ಷೆ ಮಾತ್ರ ಮುಂದುವರಿಯಿತು.

1980ರ ಮೇ 3ರಂದು ಕೊಳವೆ ಕೊರೆಯಬೇಕಿದ್ದ 1004 ಎಂಬ ನಂಬರಿನ ಜಾಗವನ್ನು ಪ್ರತಿಭಟನಾಕಾರರು ಹಿಡಿದುಕೊಂಡರು. ಅಲ್ಲೇ ಮರದ ಗುಡಿಸಲುಗಳ ಊರು ಕಟ್ಟಿದರು. ‘ಸ್ವತಂತ್ರ ವೆಂಡ್‌ಲಾಂಡ್ ಗಣರಾಜ್ಯ’ ಎಂದು ಹೆಸರಿಟ್ಟರು. ಗಡಿಗೇಟು, ಪಾಸ್‌ಪೋರ್ಟ್, ರೇಡಿಯೋ ಎಲ್ಲ ಇತ್ತು. ಆಗ ಯುವ ರಾಜಕಾರಣಿಯಾಗಿದ್ದ, ಮುಂದೆ ಚಾನ್ಸಲರ್ ಆದ ಗೆರ್ಹಾರ್ಡ್ ಶ್ರೋಡರ್ ಕೂಡ ಬಂದು ಹೋದರು. 33 ದಿನ ನಡೆಯಿತು. ಜೂನ್ 4ರಂದು ಸಾವಿರಾರು ಪೊಲೀಸರು ಬಂದು ಎಲ್ಲರನ್ನೂ ಎತ್ತಿ ಹೊರಗೆ ಹಾಕಿ, ಗುಡಿಸಲುಗಳನ್ನು ನೆಲಸಮ ಮಾಡಿದರು.

ಊರಿನವರೆಲ್ಲ ವಿರೋಧಿಗಳೇ ಆಗಿದ್ದರು ಎಂದುಕೊಂಡರೆ ತಪ್ಪು. ಗೋರ್ಲೆಬೆನ್ ಗ್ರಾಮಸಭೆಯೇ ಗೋದಾಮಿಗೆ ಜಾಗದ ಒಪ್ಪಿಗೆ ಕೊಟ್ಟಿತು. ಕೇಂದ್ರದಿಂದ, ಗೋದಾಮು ನಡೆಸುವ ಕಂಪನಿಯಿಂದ ಊರಿಗೂ ಸುತ್ತಲಿನ ಪಂಚಾಯಿತಿಗಳಿಗೂ ಹಣ ಬಂತು. ಆರುನೂರು ಜನರ ಊರಿಗೆ ಅದು ಸಣ್ಣ ಹಣವಲ್ಲ. ಕೆಲಸಗಳೂ ಸಿಕ್ಕವು. ಹೊಟ್ಟೆಪಾಡಿಗೆ ಅಲ್ಲಿ ಕೆಲಸಕ್ಕೆ ಸೇರಿದವರನ್ನು ದೂರುವುದು ಸರಿಯಲ್ಲ ಎಂದೇ ನನ್ನ ಭಾವನೆ. ಆದರೆ ಜನರ ಅನುಮಾನ ಕೇಳಿ ಉತ್ತರ ಕೊಡುವ ಮೊದಲೇ ಹಣ ಬಂದರೆ ಅದನ್ನು ಮೂಗಿಗೆ ತುಪ್ಪ ಸವರುವುದು ಎಂದೇ ಜನ ತಿಳಿಯುತ್ತಾರೆ. ಇಲ್ಲೂ ಹಾಗೇ ಆಯಿತು.

ಇನ್ನು ಆ ಗೋದಾಮಿನ ಮಾತು. ಉದ್ದ 182 ಮೀಟರ್, ಎತ್ತರ 20 ಮೀಟರ್. ಗೋಡೆಯಲ್ಲಿ ಗಾಳಿ ಕಿಂಡಿಗಳು. ಕೆಳಗಿನಿಂದ ತಂಪು ಗಾಳಿ ಒಳಗೆ ಬರುತ್ತದೆ, ಪೀಪಾಯಿಗಳ ಶಾಖಕ್ಕೆ ಬಿಸಿಯಾಗಿ ಮೇಲಿನಿಂದ ಹೊರಗೆ ಹೋಗುತ್ತದೆ. ಫ್ಯಾನ್ ಇಲ್ಲ, ಮೋಟಾರ್ ಇಲ್ಲ. ಊರಿನವರು ಇದಕ್ಕೆ ಇಟ್ಟ ಹೆಸರು ‘ಆಲೂಗಡ್ಡೆ ಉಗ್ರಾಣ’. ಆಲೂಗಡ್ಡೆ ಬೆಳೆಯುವ ಸೀಮೆ ಅದು, ಅವರಿಗೆ ಕಂಡದ್ದು ಹಾಗೆ. ಒಳಗೆ ಸಾಲಾಗಿ ನಿಂತಿರುವ ಪೀಪಾಯಿಗಳಲ್ಲಿ ಹೆಚ್ಚಿನವಕ್ಕೆ ಕಾಸ್ಟರ್ ಎಂದು ಹೆಸರು. ಎರಕದ ಕಬ್ಬಿಣದವು. ಒಂದೊಂದೂ ಸುಮಾರು ಆರು ಮೀಟರ್ ಎತ್ತರ, ತೂಕ ನೂರು ಟನ್ನಿಗಿಂತ ಜಾಸ್ತಿ. 113ರಲ್ಲಿ 108 ಪೀಪಾಯಿಗಳಲ್ಲಿ ಇರುವುದು ಗಾಜು. ಬಳಸಿದ ಇಂಧನವನ್ನು ಫ್ರಾನ್ಸ್‌ಗೆ ಕಳಿಸಿ ಮರುಸಂಸ್ಕರಿಸಿದ ಮೇಲೆ ಉಳಿಯುವ ಅತಿ ತೀವ್ರ ವಿಕಿರಣದ ದ್ರವವನ್ನು ಗಾಜಿನೊಂದಿಗೆ ಕರಗಿಸಿ, ಸ್ಟೀಲ್ ಡಬ್ಬಿಗೆ ಸುರಿದು ಗಟ್ಟಿ ಮಾಡುತ್ತಾರೆ. ಕೊನೆಯ ವರ್ಷಗಳ ಪೀಪಾಯಿಗಳಲ್ಲಿ ಅಂಥ 28 ಡಬ್ಬಿಗಳಿವೆ. ವರ್ಷಗಳು ಕಳೆದರೂ ಅವು ಶಾಖ ಬಿಡುತ್ತಲೇ ಇರುತ್ತವೆ.

ಮೊದಲ ಕಾಸ್ಟರ್ ಬಂದದ್ದು 1995ರ ಏಪ್ರಿಲ್ 25ರಂದು, ದಕ್ಷಿಣದ ಫಿಲಿಪ್ಸ್‌ಬುರ್ಗ್ ಸ್ಥಾವರದಿಂದ. ಕೊನೆಯ ಸಾಗಣೆ 2011ರ ನವೆಂಬರ್‌ನಲ್ಲಿ. ಡಾನೆನ್‌ಬೆರ್ಗ್ ತನಕ ರೈಲು, ಆಮೇಲೆ ಸುಮಾರು 20 ಕಿಲೋಮೀಟರ್ ಲಾರಿ. ಆ ಇಪ್ಪತ್ತು ಕಿಲೋಮೀಟರಿಗೆ ಜಿಲ್ಲೆ ಎದ್ದು ನಿಲ್ಲುತ್ತಿತ್ತು. ಮನೆ ಮುಂದೆ, ಹೊಲದ ಬೇಲಿಗೆ, ದಾರಿಯುದ್ದಕ್ಕೂ ಹಳದಿ ಬಣ್ಣದ ಮರದ ಎಕ್ಸ್ ಗುರುತು. ಎಕ್ಸ್ ಎಂದರೆ ಕಾಸ್ಟರ್ ಬರುವ ದಿನ. ರೈತರು ಟ್ರ್ಯಾಕ್ಟರ್ ಅಡ್ಡ ನಿಲ್ಲಿಸುತ್ತಿದ್ದರು. ಹಳಿ ಮೇಲೆ ಸಾವಿರಾರು ಜನ ಕೂರುತ್ತಿದ್ದರು. ಹೊರಗಿನಿಂದ ಬಂದವರಿಗೆ ಊರಿನವರು ಕಣಜಗಳಲ್ಲಿ ಹುಲ್ಲು ಹಾಸಿ ಮಲಗಲು ಜಾಗ ಕೊಡುತ್ತಿದ್ದರು, ದೊಡ್ಡ ಹಂಡೆಗಳಲ್ಲಿ ಸೂಪ್ ಕುದಿಸುತ್ತಿದ್ದರು. 1997ರಲ್ಲಿ ಆರು ಪೀಪಾಯಿಗಳ ಕಾವಲಿಗೆ ಸುಮಾರು 30,000 ಪೊಲೀಸರು ಬೇಕಾದರು. 2011ರಲ್ಲಿ ಫ್ರಾನ್ಸ್‌ನಿಂದ ಹೊರಟ ರೈಲಿನ ಸರಕು ಗೋದಾಮು ಸೇರಲು ಐದು ದಿನಕ್ಕೂ ಹೆಚ್ಚು ಹಿಡಿಯಿತು.

ಇಷ್ಟು ಹಟ ಏಕೆ? ಸುಮ್ನೆ ಭಯ ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಜನರ ಕೈಯಲ್ಲಿ ವಾದವಿತ್ತು. ಕೀಲ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಕ್ಲಾಸ್ ಡೂಫಾರ್ನ್ ಗುಮ್ಮಟದ ಮೇಲಿನ ಪದರಗಳನ್ನು ಪರೀಕ್ಷೆ ಮಾಡಿದ್ದರು. ಹಿಮಯುಗದಲ್ಲಿ ಕೊರೆದ ಆಳವಾದ ಕಾಲುವೆಯೊಂದು ಗುಮ್ಮಟದ ಮೇಲೆ ಅಡ್ಡಲಾಗಿ ಹಾದುಹೋಗಿದೆ ಎಂದು ಅವರು ತೋರಿಸಿದರು. ಅಲ್ಲಿ ಕೆಲವೆಡೆ ನೀರು ತಡೆಯುವ ಜೇಡಿಮಣ್ಣಿನ ಪದರವೇ ಇಲ್ಲ. ಉಪ್ಪಿಗೆ ದೊಡ್ಡ ಶತ್ರು ನೀರಲ್ವಾ? ಆದರೂ ಅಗೆತ ನಿಲ್ಲಲಿಲ್ಲ.

ಇದೇ ರಾಜ್ಯದ ಆಸೆ ಎಂಬ ಹಳೆಯ ಉಪ್ಪಿನ ಗಣಿಯ ಕಥೆ ಇನ್ನೂ ಕೆಟ್ಟದ್ದು. 1967ರಿಂದ 1978ರವರೆಗೆ ಅಲ್ಲಿ ಸುಮಾರು 1,26,000 ಡ್ರಮ್ ಕಡಿಮೆ ಮತ್ತು ಮಧ್ಯಮ ವಿಕಿರಣದ ತ್ಯಾಜ್ಯ ಹಾಕಿದರು. ಪರೀಕ್ಷಾರ್ಥ ಎಂದು ಹೆಸರು, ಆದದ್ದು ವಿಲೇವಾರಿ. 1988ರಿಂದ ಗಣಿಯೊಳಗೆ ಉಪ್ಪುನೀರು ಬರುತ್ತಿದೆ, ದಿನಕ್ಕೆ ಹತ್ತು ಸಾವಿರ ಲೀಟರಿಗಿಂತ ಹೆಚ್ಚು. ಈಗ ಆ ಡ್ರಮ್‌ಗಳನ್ನು ಮತ್ತೆ ಮೇಲೆ ತೆಗೆಯಬೇಕು ಎಂದು ಕಾನೂನೇ ಮಾಡಿದ್ದಾರೆ. ಉಪ್ಪು ನಂಬಿ, ನಾವು ಎಲ್ಲ ನೋಡಿಕೊಳ್ಳುತ್ತೇವೆ ಎಂದು ಹೇಳಿದ ಸರ್ಕಾರವನ್ನು ಗೋರ್ಲೆಬೆನ್ ಜನ ಹೇಗೆ ನಂಬಬೇಕಿತ್ತು?

ಕೊನೆಗೂ 2013ರಲ್ಲಿ ಹೊಸ ಕಾನೂನು ಬಂತು. ನಕ್ಷೆ ಖಾಲಿ ಎಂದು ಇಟ್ಟುಕೊಂಡು ಇಡೀ ದೇಶವನ್ನು ಮೊದಲಿನಿಂದ ನೋಡಬೇಕು. ಉಪ್ಪು, ಜೇಡಿಕಲ್ಲು, ಗ್ರಾನೈಟ್‌ನಂಥ ಗಟ್ಟಿ ಶಿಲೆ ಮೂರನ್ನೂ ಹೋಲಿಸಬೇಕು. ಆರಿಸಿದ ಜಾಗ 10 ಲಕ್ಷ ವರ್ಷ ಸುರಕ್ಷಿತವಾಗಿ ಇರಬೇಕು. 1977ರಲ್ಲೇ ಮಾಡಬೇಕಿದ್ದ ಕೆಲಸ ಇದು. 2020ರ ಸೆಪ್ಟೆಂಬರ್ 28ರಂದು, ಕೆಲಸ ವಹಿಸಿಕೊಂಡ ಕೇಂದ್ರದ ಸಂಸ್ಥೆ ಬಿಜಿಇ ಮೊದಲ ವರದಿ ಕೊಟ್ಟಿತು. ಮುಂದೆ ಪರಿಶೀಲಿಸಬೇಕಾದ 90 ಪ್ರದೇಶಗಳ ಪಟ್ಟಿಯಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ನೆಲ ಇತ್ತು. ಗೋರ್ಲೆಬೆನ್ ಇರಲಿಲ್ಲ. ಕಾರಣ ಭೂವಿಜ್ಞಾನವೇ. ಗುಮ್ಮಟದ ಮೇಲಿನ ಹೊದಿಕೆ ಸರಿಯಿಲ್ಲ ಎಂಬುದೂ ಅದರಲ್ಲಿ ಸೇರಿತ್ತು. ರೈತರು ಎಷ್ಟೋ ವರ್ಷದಿಂದ ಹೇಳುತ್ತಿದ್ದ ಮಾತು ಸರ್ಕಾರಿ ವರದಿಯಲ್ಲೇ ಅಚ್ಚಾಯಿತು. 43 ವರ್ಷ ಆಗಿತ್ತು. ಅಲ್ಲಿಯವರೆಗೆ ಎಷ್ಟೋ ಹೋರಾಟಗಾರರು ತೀರಿಕೊಂಡಿದ್ದರು. ಮರಿಯಾನೆ ಫ್ರಿಟ್ಸೆನ್ 2016ರಲ್ಲೇ ಹೋಗಿದ್ದರು.

ಆ ಕೂಡಲೇ ಬವೇರಿಯಾ ಸರ್ಕಾರ ತಕರಾರು ತೆಗೆಯಿತು. ಗೋರ್ಲೆಬೆನ್ ಬಿಟ್ಟದ್ದು ಸರಿಯಲ್ಲ, ನಮ್ಮ ನೆಲ ಇದಕ್ಕೆ ತಕ್ಕದ್ದಲ್ಲ ಎಂಬುದು ಅವರ ವಾದ. ದಶಕಗಟ್ಟಲೆ ಅಣು ವಿದ್ಯುತ್ ಮಾಡಿ ಉಂಡ ರಾಜ್ಯ ಅದು. ತಿಪ್ಪೆ ಮಾತ್ರ ಬೇರೆಯವರ ಹಿತ್ತಲಲ್ಲಿ ಇರಲಿ ಎಂದು ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಈಗಿನ ಸ್ಥಿತಿ ಹೀಗಿದೆ. ಜರ್ಮನಿ ತನ್ನ ಕೊನೆಯ ಮೂರು ಅಣು ಸ್ಥಾವರಗಳನ್ನು 2023ರ ಏಪ್ರಿಲ್ 15ರಂದು ನಿಲ್ಲಿಸಿತು. ಕರೆಂಟ್ ನಿಂತಿತು, ಕಸ ಉಳಿಯಿತು. ಹೂಳಬೇಕಾದ ತೀವ್ರ ವಿಕಿರಣದ ತ್ಯಾಜ್ಯ ಸುಮಾರು 27,000 ಘನ ಮೀಟರ್. ಅಂದಾಜು 1,900 ಪೀಪಾಯಿ. ಖರ್ಚಿಗೆಂದು ವಿದ್ಯುತ್ ಕಂಪನಿಗಳಿಂದ 2017ರಲ್ಲಿ ಸುಮಾರು 2,400 ಕೋಟಿ ಯೂರೋ ಕಟ್ಟಿಸಿಕೊಂಡು ಒಂದು ನಿಧಿ ಮಾಡಿದ್ದಾರೆ. ಕಾನೂನಿನಲ್ಲಿ ಜಾಗ ತೀರ್ಮಾನಕ್ಕೆ ಬರೆದ ಗಡುವು 2031. ಆದರೆ 2022ರಲ್ಲಿ ಬಿಜಿಇ ಸಂಸ್ಥೆಯೇ 2046ರಿಂದ 2068 ಎಂದಿತು. 2024ರಲ್ಲಿ ಸರ್ಕಾರಿ ಮೇಲ್ವಿಚಾರಣಾ ಸಂಸ್ಥೆ ಮಾಡಿಸಿದ ಅಧ್ಯಯನ 2074ಕ್ಕೆ ಮೊದಲು ಕಷ್ಟ ಎಂದಿತು. ಜಾಗ ತೀರ್ಮಾನವಾದ ಮೇಲೆ ಗಣಿ ಕಟ್ಟಬೇಕು. ಅದಕ್ಕೂ ದಶಕಗಳು ಬೇಕು.

ಹಾಗಾದರೆ 2034ರಲ್ಲಿ ಪರವಾನಗಿ ಮುಗಿಯುವ ಗೋದಾಮಿನ ಪೀಪಾಯಿಗಳು ಎಲ್ಲಿಗೆ ಹೋಗಬೇಕು? ಎಲ್ಲಿಗೂ ಇಲ್ಲ. ಅಲ್ಲೇ ಇರಬೇಕು. ಅದಕ್ಕೆ ಹೊಸ ಪರವಾನಗಿ ಬೇಕು. ನಲವತ್ತು ವರ್ಷಕ್ಕೆಂದು ಲೆಕ್ಕ ಹಾಕಿದ ಪೀಪಾಯಿ ಮುಚ್ಚಳಗಳು, ಒಳಗಿನ ಡಬ್ಬಿಗಳು ಎಂಬತ್ತು, ನೂರು ವರ್ಷ ತಡೆಯುತ್ತವೆ ಎಂದು ತೋರಿಸಿಕೊಡಬೇಕು. ಗೋಡೆಗಳು ಸಾಕೇ ಎಂಬ ಪ್ರಶ್ನೆ ಇದೆ. ಆಮೇಲೆ ಕಟ್ಟಿದ ಬೇರೆ ಗೋದಾಮುಗಳ ಗೋಡೆ ಇದಕ್ಕಿಂತ ದಪ್ಪ. ಪೀಪಾಯಿ ಕೆಟ್ಟರೆ ರಿಪೇರಿ ಮಾಡಲು ಪಕ್ಕದಲ್ಲೇ ಒಂದು ಘಟಕ ಕಟ್ಟಿದ್ದರು. ಅದು ಒಂದು ದಿನವೂ ಕೆಲಸ ಮಾಡಲಿಲ್ಲ. ಈಗ ಅದನ್ನೂ ಕಳಚುತ್ತಿದ್ದಾರೆ. ಊರಿನವರು ಕೇಳುತ್ತಿರುವುದು ಇಷ್ಟೇ: ಇನ್ನೂ ಐವತ್ತು ವರ್ಷ ಇಡುವುದಾದರೆ ಅದಕ್ಕೆ ತಕ್ಕ ಗೋದಾಮು ಕಟ್ಟಿ, ನಮ್ಮನ್ನು ಕೂರಿಸಿಕೊಂಡು ಮಾತಾಡಿ. ನ್ಯಾಯವಾದ ಮಾತು.

ಒಂದು ಬದಲಾವಣೆ ಮಾತ್ರ ಆಗಿದೆ. ವಿದೇಶದಿಂದ ಮರಳಿ ಬರಬೇಕಿದ್ದ ಉಳಿದ ಗಾಜಿನ ಪೀಪಾಯಿಗಳನ್ನು 2013ರ ನಂತರ ಬೇರೆ ಸ್ಥಾವರಗಳಿಗೆ ಹಂಚಿದರು. ಫ್ರಾನ್ಸ್‌ನಿಂದ ಬಂದ ಕೊನೆಯ ನಾಲ್ಕು 2024ರ ನವೆಂಬರ್‌ನಲ್ಲಿ ಫಿಲಿಪ್ಸ್‌ಬುರ್ಗ್‌ಗೆ ಹೋದವು. 1995ರಲ್ಲಿ ಮೊದಲ ಪೀಪಾಯಿ ಗೋರ್ಲೆಬೆನ್‌ಗೆ ಹೊರಟ ಊರು ಅದೇ.

ಇದೆಲ್ಲ ಓದುವಾಗ ಕನ್ನಡಿಗರಿಗೆ ಕೋಲಾರ ನೆನಪಾಗಲೇಬೇಕು. 1980ರ ದಶಕದಲ್ಲಿ ಕೆಜಿಎಫ್ ಚಿನ್ನದ ಗಣಿಯೊಳಗೆ, ಸುಮಾರು 1,000 ಮೀಟರ್ ಆಳದಲ್ಲಿ, ನಮ್ಮ ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಹೀಟರ್ ಇಟ್ಟು ಶಿಲೆ ಶಾಖಕ್ಕೆ ಹೇಗೆ ವರ್ತಿಸುತ್ತದೆ ಎಂದು ವರ್ಷಗಟ್ಟಲೆ ಪ್ರಯೋಗ ಮಾಡಿದ್ದರು. 2001ರಲ್ಲಿ ಗಣಿ ಮುಚ್ಚಿತು. 2012ರಲ್ಲಿ ಕೂಡಂಕುಳಂ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿ ನಡೆಯುತ್ತಿದ್ದಾಗ ಅಣು ತ್ಯಾಜ್ಯಕ್ಕೆ ಕೋಲಾರದ ಗಣಿ ಎಂಬ ಮಾತು ಹೊರಬಿತ್ತು. ಕೆಲಸ ಕಳೆದುಕೊಂಡ ಊರು ಬೀದಿಗಿಳಿಯಿತು. ಕೊನೆಗೆ ಅಂಥ ಯೋಜನೆ ಇಲ್ಲ ಎಂದು ಸರ್ಕಾರ ಹೇಳಿತು. ಅಲ್ಲೂ ಜನ ತಮ್ಮ ಊರಿನ ಹೆಸರನ್ನು ಮೊದಲು ಕೇಳಿದ್ದು ಸುದ್ದಿಯಲ್ಲೇ.

ಬಿಜಿಇ 2027ರ ಕೊನೆಗೆ ಪಟ್ಟಿಯನ್ನು ಇನ್ನೂ ಕಿರಿದು ಮಾಡಿ, ಮೇಲ್ಮೈಯಿಂದ ಪರೀಕ್ಷಿಸಬೇಕಾದ ಕೆಲವೇ ಸೀಮೆಗಳ ಹೆಸರು ಕೊಡಬೇಕು. ಈ ಸಲ ಕಾನೂನಿನಲ್ಲಿ ಸಭೆಗಳಿವೆ, ಪ್ರತಿ ಸೀಮೆಯ ಜನರಿಗೂ ಮರುಪರಿಶೀಲನೆ ಕೇಳುವ ಹಕ್ಕಿದೆ.

ಗೋರ್ಲೆಬೆನ್‌ನಲ್ಲಿ ಗಣಿಯ ಹತ್ತಿರದ ಕಾಡಿನಲ್ಲಿ ಒಂದಷ್ಟು ಮರದ ಶಿಲುಬೆಗಳಿವೆ. 1980ರ ದಶಕದ ಕೊನೆಯಿಂದ ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಮಳೆ ಇರಲಿ, ಹಿಮ ಇರಲಿ. ಒಮ್ಮೊಮ್ಮೆ ಬೆರಳೆಣಿಕೆಯ ಜನ, ಒಮ್ಮೊಮ್ಮೆ ನೂರಾರು. ಗಣಿ ಮುಚ್ಚುವ ತೀರ್ಮಾನ 2021ರ ಸೆಪ್ಟೆಂಬರ್‌ನಲ್ಲಿ ಬಂದ ಮೇಲೂ ಪ್ರಾರ್ಥನೆ ನಿಲ್ಲಿಸಲಿಲ್ಲ. ರಸ್ತೆಯ ಈಚೆ ಉಪ್ಪು ಕೆಳಗೆ ಇಳಿಯುತ್ತಿದೆ. ಆಚೆ ಬದಿಯ ಆಲೂಗಡ್ಡೆ ಉಗ್ರಾಣದ ಮೇಲಿನ ಕಿಂಡಿಗಳಿಂದ ಇವತ್ತೂ ಬಿಸಿ ಗಾಳಿ ಹೊರಗೆ ಬರುತ್ತಿದೆ.